ಕಲ್ಯಾಣದ ಕಂದಕ ಹೇಳುವ ಕಾಳಗದ ಕಥೆ

ಶಾಲಾ ಪ್ರವಾಸದ ಮಾತು ಬಂದರೆ ಸಾಕು, ಚಿಟಗುಪ್ಪದ ಮಕ್ಕಳ ಕಣ್ಣಿಗೆ ಕಟ್ಟುವುದು ಕಾರವಾರದ ಕಡಲು. ತೆರೆಗಳೊಡನೆ ಆಡಬೇಕು, ದಂಡೆಯಲ್ಲಿ ನಿಲ್ಲಿಸಿರುವ ‘ಚಪಲ್’ ಯುದ್ಧನೌಕೆಯ ಒಳಹೊಕ್ಕು ನೋಡಬೇಕು. ಆಸೆಯೇನೂ ತಪ್ಪಲ್ಲ. ಆದರೆ ಬೀದರ್ ಜಿಲ್ಲೆಯಿಂದ ಅದು ದೂರದ ದಾರಿ, ಖರ್ಚೂ ಹೆಚ್ಚು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಸಂಜೆಗೆ ಮನೆ ಸೇರಬಹುದಾದ ಅಂತರದಲ್ಲೇ ಒಂದು ರಣಭೂಮಿಯಿದೆ. ಅದೇ ಬಸವಕಲ್ಯಾಣ.

ಹುಮನಾಬಾದಿಗೆ ಬಂದು, ರಾಷ್ಟ್ರೀಯ ಹೆದ್ದಾರಿ ೬೫ರಲ್ಲಿ ಪಶ್ಚಿಮಕ್ಕೆ ಸಾಗಿ, ಸಸ್ತಾಪುರ ಬಂಗ್ಲಾ ಬಳಿ ತಿರುಗಿದರೆ ಊರು. ಕೋಟೆ ನೋಡಲು ಹೋದವರು ತಕ್ಷಣ ಒಳಗೆ ನುಗ್ಗದೆ ಕಂದಕದ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಇಲ್ಲಿನ ಕಾಳಗದ ಕಥೆ ಅಲ್ಲಿಂದಲೇ ಆರಂಭ.

೧೬೫೭. ಆಗ ಔರಂಗಜೇಬ ಇನ್ನೂ ಬಾದಶಹನಲ್ಲ. ದಖ್ಖನಿನ ಸುಬೇದಾರನಾಗಿದ್ದ ರಾಜಕುಮಾರ. ಮಾರ್ಚ್ ತಿಂಗಳಲ್ಲಿ ಬೀದರ್ ಕೋಟೆ ಅವನ ವಶವಾಯಿತು. ಅಲ್ಲಿ ಮದ್ದಿಗೆ ಬೆಂಕಿ ತಗುಲಿ ಕೋಟೆಯ ಅಧಿಕಾರಿ ಸಿದ್ದಿ ಮರ್ಜಾನ್ ಸುಟ್ಟು ಗಾಯಗೊಂಡು ಸತ್ತ. ಮುಂದಿನ ಗುರಿ ಕಲ್ಯಾಣ. ಬಿಜಾಪುರದ ಪರವಾಗಿ ದಿಲಾವರ್ ಹಬ್ಶಿ ಇಲ್ಲಿ ಕೋಟೆ ಕಾಯುತ್ತಿದ್ದ. ಮೊಗಲರು ಮುಳ್ಳುಕಂಟಿ ತುಂಬಿ ಕಂದಕ ದಾಟಲು ಹವಣಿಸಿದರು. ಒಳಗಿನವರು ಉರಿಯುವ ಹುಲ್ಲು, ನಾಫ್ತಾ ಎಸೆದು ಕಂಟಿಯನ್ನೆಲ್ಲ ಸುಟ್ಟುಹಾಕಿದರು. ಪಟ್ಟ ಶ್ರಮ ಬೂದಿಯಾಯಿತು. ಮತ್ತೆ ಕಲ್ಲು ಮಣ್ಣು ಹೊತ್ತು ತುಂಬಿಸಬೇಕಾಯಿತು. ಮುತ್ತಿಗೆ ಸುಮಾರು ಮೂರು ತಿಂಗಳು ನಡೆದು, ಆಗಸ್ಟ್ ಆರಂಭದಲ್ಲಿ ಕೋಟೆ ಶರಣಾಯಿತು.

ಪರೀಕ್ಷೆಗೆ ಇಸವಿ ಬಾಯಿಪಾಠ ಮಾಡುವ ವಿದ್ಯಾರ್ಥಿ ಇಲ್ಲಿ ಬೇರೆ ಪ್ರಶ್ನೆ ಕೇಳಿಕೊಳ್ಳಬಹುದು. ಈ ಆಳ ತುಂಬಲು ಎಷ್ಟು ಬುಟ್ಟಿ ಮಣ್ಣು ಬೇಕಾಗಿತ್ತು? ಮೇಲಿನಿಂದ ಬೆಂಕಿ ಸುರಿಯುವಾಗ ಅದನ್ನು ಹೊತ್ತವರು ಯಾರು? ರಾಜಕುಮಾರನ ಹೆಸರು ಪಠ್ಯಪುಸ್ತಕದಲ್ಲಿದೆ; ಮಣ್ಣು ಹೊತ್ತವರ ಹೆಸರಿಲ್ಲ.

ಕಲ್ಯಾಣಕ್ಕೆ ಬೆಂಕಿ ಬಿದ್ದದ್ದು ಅದೇ ಮೊದಲಲ್ಲ. ಹನ್ನೊಂದನೆಯ ಶತಮಾನದಲ್ಲಿ, ಇದು ಚಾಲುಕ್ಯ ಒಂದನೆಯ ಸೋಮೇಶ್ವರನ ರಾಜಧಾನಿಯಾಗಿದ್ದಾಗ, ಚೋಳ ರಾಜಾಧಿರಾಜ ಊರನ್ನು ಸುಟ್ಟು ಇಲ್ಲಿನ ದ್ವಾರಪಾಲಕ ಶಿಲ್ಪವೊಂದನ್ನು ಹೊತ್ತೊಯ್ದ. ಕಲ್ಯಾಣಪುರವನ್ನು ಸುಟ್ಟು ತಂದದ್ದೆಂದು ಆ ಶಿಲ್ಪದ ಮೇಲೆಯೇ ತಮಿಳಿನಲ್ಲಿ ಕೆತ್ತಲಾಗಿದೆ. ದಾರಾಸುರಂ ದೇವಾಲಯದಲ್ಲಿದ್ದ ಅದು ಮುಂದೆ ತಂಜಾವೂರಿನ ಕಲಾ ಸಂಗ್ರಹಾಲಯ ಸೇರಿತು. ಒಂದೇ ಕಲ್ಲು ಅಲ್ಲಿಯವರಿಗೆ ವಿಜಯದ ಗುರುತು, ಇಲ್ಲಿಯವರಿಗೆ ಕಳೆದುಹೋದ ಬಾಗಿಲು. ಗೆದ್ದ ರಾಜಾಧಿರಾಜನೂ ೧೦೫೪ರ ಕೊಪ್ಪಂ ಯುದ್ಧದಲ್ಲಿ ಆನೆಯ ಮೇಲೆಯೇ ಪ್ರಾಣ ಬಿಟ್ಟ.

ಹಾಗಾದರೆ ಉಳಿದದ್ದೇನು? ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರ’ದ ಹೆಸರು ಇಂದಿಗೂ ಹಿಂದೂ ಆಸ್ತಿ ಹಕ್ಕಿನ ವ್ಯಾಜ್ಯಗಳಲ್ಲಿ ಕೇಳಿಬರುತ್ತದೆ. ಬಿಜ್ಜಳನ ಕಾಲದಲ್ಲಿ ಬಸವಣ್ಣ ಮತ್ತು ಶರಣರು ಆಡುಮಾತಿನಲ್ಲಿ ವಚನ ನುಡಿದರು. ಜಾತಿ ಮೀರಿದ ಮದುವೆಗಾಗಿ ಹರಳಯ್ಯ, ಮಧುವರಸರು ಪ್ರಾಣ ತೆರಬೇಕಾಯಿತು. ಶರಣರು ಕಲ್ಯಾಣ ಬಿಟ್ಟು ಹೋಗುವಾಗ ವಚನದ ಕಟ್ಟುಗಳನ್ನು ಹೊತ್ತೊಯ್ದರು ಎನ್ನುತ್ತದೆ ಪರಂಪರೆ. ಬೆಂಕಿಗೆ ಸಿಕ್ಕದೆ ಉಳಿದದ್ದು ಬರಹ.

ಊರಿನಲ್ಲಿ ಕಡಲಿಲ್ಲ, ತ್ರಿಪುರಾಂತಕ ಕೆರೆಯಿದೆ. ಅನುಭವ ಮಂಟಪ ನೋಡಿ, ಕೆರೆಯ ಕಡೆ ಗಾಳಿಗೆ ಕುಳಿತು ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಬಿಚ್ಚಬಹುದು. ಸಮಯವಿದ್ದರೆ ಸಮೀಪದ ನಾರಾಯಣಪುರದ ಚಾಲುಕ್ಯ ಶಿವಾಲಯಕ್ಕೂ ಹೋಗಿಬರಬೇಕು. ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಹಿತ. ಕಂದಕದ ಅಂಚಿನಲ್ಲಿ, ಬುರುಜಿನ ಮೇಲೆ ಚಿಕ್ಕವರ ಕೈ ಬಿಡದಿರುವುದು ಪಾಲಕರ ಹೊಣೆ.

ಮರಳುವಾಗ ಹುಮನಾಬಾದ್ ತಾಲೂಕಿನ ಜಲಸಂಗ್ವಿಯಲ್ಲಿ ಇಳಿಯುವುದನ್ನು ಮಾತ್ರ ಮರೆಯಬಾರದು. ಅಲ್ಲಿನ ದೇವಾಲಯದ ಹೊರಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ವಿಕ್ರಮಾದಿತ್ಯನ ಹೊಗಳಿಕೆಯನ್ನು ಬರೆಯುತ್ತ ನಿಂತಿದ್ದಾಳೆ. ಒಂಬೈನೂರು ವರ್ಷ ಹಿಂದಿನ ಶಿಲ್ಪಿ ಹೆಣ್ಣಿನ ಕೈಗೆ ಬರಹ ಕೊಟ್ಟದ್ದನ್ನು ಶಾಲೆಗೆ ಹೋಗುವ ಹುಡುಗಿಯರು ನೋಡಲೇಬೇಕು.

ಕೋಟೆ, ಗುಡಿಗಳ ಗೋಡೆಯ ಮೇಲೆ ಮೊಳೆಯಿಂದ ಹೆಸರು ಕೆತ್ತುವ ಚಪಲ ಬೇಡ. ಮೂರು ತಿಂಗಳ ಮುತ್ತಿಗೆಯನ್ನು ತಡೆದ ಕಲ್ಲು ಅದು. ನಮ್ಮ ಕೈಯಿಂದ ಹಾಳಾಗಬಾರದು. ಬರೆಯುವ ಉಮೇದು ಇದ್ದವರಿಗೆ ನೋಟ್‌ಬುಕ್ ಇದೆ. ಕಂದಕ ಕಂಡದ್ದು ಹೇಗೆ, ಯಾವ ಪ್ರಶ್ನೆ ಮೂಡಿತು ಎಂದು ಆ ರಾತ್ರಿಯೇ ಒಂದು ಪುಟ ಬರೆದಿಟ್ಟರೆ ಪ್ರವಾಸ ಸಾರ್ಥಕ.