ಮೆತ್ತಗಾದ ಬ್ರೇಕ್ ಪೆಡಲು

ಗುಂಡ್ಲುಪೇಟೆ ಸೀಮೆಯಲ್ಲಿ ತರಕಾರಿ ಬೆಳೆಯುತ್ತಾರೆ. ಆ ತರಕಾರಿ ಟೆಂಪೋ ಏರಿ ಕೇರಳಕ್ಕೆ, ತಮಿಳುನಾಡಿಗೆ ಹೋಗುತ್ತದೆ. ಚಾಮರಾಜನಗರದ ಸಂತೆಗೆ ನಾವು ಆಟೋದಲ್ಲಿ, ಜೀಪಿನಲ್ಲಿ ಹೋಗುತ್ತೇವೆ. ಕೆಲವು ಮನೆಯವರು ಸಾಲ ಮಾಡಿ ಸ್ವಂತ ಗಾಡಿಯನ್ನೇ ತಂದಿದ್ದಾರೆ.

ಓಡಿದ ಗಾಡಿಯ ಬ್ರೇಕು ಸವೆಯುತ್ತದೆ. ಆಗ ಹೊಸದು ಹಾಕಿಸುತ್ತೇವೆ. ಹಾಕಿಸಿದ ಮೇಲೆ ಕೆಲವು ಸಲ ಪೆಡಲು ಮೆತ್ತಗಾಗುತ್ತದೆ. ತುಳಿದರೆ ಹತ್ತಿ ಮೂಟೆ ತುಳಿದ ಹಾಗೆ ಒಳಕ್ಕೆ ಹೋಗುತ್ತದೆ. "ಹೊಸ ಬ್ರೇಕು ಕಣಕ್ಕ, ಓಡ್ತಾ ಓಡ್ತಾ ಸರಿಹೋಗ್ತದೆ" ಅಂತಾರೆ. ಈ ಮಾತನ್ನು ನಂಬಬೇಡಿ. ಯಾಕೆ ಗೊತ್ತೆ?

ಪೆಡಲಿನಿಂದ ಚಕ್ರದವರೆಗೆ ಸಣ್ಣ ಕೊಳವೆ ಇದೆ. ಅದರ ತುಂಬ ಬ್ರೇಕ್ ಎಣ್ಣೆ ಇರುತ್ತದೆ. ನಾವು ತುಳಿದಾಗ ಆ ಎಣ್ಣೆ ಚಕ್ರದ ಬಳಿ ಇರುವ ಪಿಸ್ಟನ್ ಅನ್ನು ತಳ್ಳುತ್ತದೆ. ಪಿಸ್ಟನ್ ಬ್ರೇಕನ್ನು ಒತ್ತುತ್ತದೆ. ಚಕ್ರ ನಿಲ್ಲುತ್ತದೆ. ದೊಡ್ಡ ಲಾರಿ, ಬಸ್ಸುಗಳದ್ದು ಗಾಳಿ ಬ್ರೇಕು. ಅದರ ಲೆಕ್ಕವೇ ಬೇರೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಪ್ಲಾಸ್ಟಿಕ್ ಬಾಟಲಿಗೆ ಬಾಯಿಮಟ್ಟ ನೀರು ತುಂಬಿ. ಮುಚ್ಚಳ ಬಿಗಿ ಮಾಡಿ ಹಿಸುಕಿ. ಗಟ್ಟಿಯಾಗಿರುತ್ತದೆ. ಅರ್ಧ ನೀರು ಚೆಲ್ಲಿ, ಮುಚ್ಚಿ, ಮತ್ತೆ ಹಿಸುಕಿ. ಈಗ ಮೆತ್ತಗೆ! ನೀರು ಕುಗ್ಗುವುದಿಲ್ಲ. ಗಾಳಿ ಕುಗ್ಗುತ್ತದೆ. ಬ್ರೇಕಿನ ಕೊಳವೆಯಲ್ಲೂ ಹೀಗೇ. ರಿಪೇರಿ ಮಾಡುವಾಗ ಕೊಳವೆ ಬಿಚ್ಚಿದರೆ ಒಳಗೆ ಗಾಳಿ ಸೇರುತ್ತದೆ. ಆಮೇಲೆ ನಾವು ತುಳಿದ ಬಲ ಗಾಳಿಯನ್ನು ಕುಗ್ಗಿಸಲು ಹೋಗುತ್ತದೆ. ಚಕ್ರಕ್ಕೆ ಪೂರ್ತಿ ಮುಟ್ಟುವುದಿಲ್ಲ.

ಮೊದಲು ಏನು ಮಾಡಬೇಕು?

ಹೊಸ ಪ್ಯಾಡು ಹಾಕುವಾಗ ಪಿಸ್ಟನ್ ಅನ್ನು ಹಿಂದಕ್ಕೆ ತಳ್ಳಿರುತ್ತಾರೆ. ಅದಕ್ಕೇ ಮೊದಲ ಕೆಲವು ತುಳಿತಕ್ಕೆ ಪೆಡಲು ಆಳಕ್ಕೆ ಹೋಗುತ್ತದೆ. ಗಾಡಿ ನಿಂತಲ್ಲೇ 10 ಸಲ ತುಳಿಯಲು ಹೇಳಿ. ಪೆಡಲು ಗಟ್ಟಿಯಾಯಿತೆ? ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತುಳಿಯಲಿ. ಆಗಲೂ ಗಟ್ಟಿ ಇದ್ದರೆ ಒಳ್ಳೆಯದು. ಮತ್ತೆ ಮೆತ್ತಗಾದರೆ ಒಳಗೆ ಗಾಳಿ ಇರಬಹುದು. ಹಿಂದಿನ ಚಕ್ರದ ಬ್ರೇಕನ್ನು ಸರಿಯಾಗಿ ಬಿಗಿ ಮಾಡದಿದ್ದರೂ ಹೀಗಾಗುತ್ತದೆ.

ಪೆಡಲನ್ನು ಒತ್ತಿ ಹಿಡಿದಾಗ ಅದು ನಿಧಾನಕ್ಕೆ ಕೆಳಗಿಳಿಯುತ್ತಾ ಹೋದರೆ ಎಲ್ಲೋ ಎಣ್ಣೆ ಸೋರುತ್ತಿದೆ. ಇಲ್ಲವೇ ಪೆಡಲಿನ ಬಳಿಯ ಮಾಸ್ಟರ್ ಸಿಲಿಂಡರ್ ಕೆಟ್ಟಿದೆ. ಚಕ್ರದ ಒಳಬದಿ ಒದ್ದೆಯಾಗಿದೆಯೇ ನೋಡಿ.

ಗಾಳಿ ತೆಗೆಯುವುದು ಹೇಗೆ?

ಇದಕ್ಕೆ ಬ್ಲೀಡಿಂಗ್ ಎನ್ನುತ್ತಾರೆ. ತಿಳಿದ ಮೆಕ್ಯಾನಿಕ್ಕೇ ಮಾಡಬೇಕು. ಒಬ್ಬರು ಪೆಡಲನ್ನು ತುಳಿದು ಹಿಡಿಯುತ್ತಾರೆ. ಇನ್ನೊಬ್ಬರು ಚಕ್ರದ ಬಳಿಯ ಸಣ್ಣ ನಿಪ್ಪಲ್ ಸಡಿಲ ಮಾಡುತ್ತಾರೆ. ಎಣ್ಣೆಯ ಜೊತೆ ಗುಳ್ಳೆ ಬರುತ್ತದೆ. ನಿಪ್ಪಲ್ ಬಿಗಿ ಮಾಡಿದ ಮೇಲೆಯೇ ಕಾಲು ತೆಗೆಯಬೇಕು. ಮೊದಲೇ ತೆಗೆದರೆ ಗಾಳಿ ಮತ್ತೆ ಒಳಗೆ ಹೋಗುತ್ತದೆ. ಗುಳ್ಳೆ ನಿಲ್ಲುವವರೆಗೂ ಹೀಗೆ ಮಾಡಬೇಕು. ಅಷ್ಟು ಹೊತ್ತೂ ಎಣ್ಣೆ ಡಬ್ಬಿ ಬರಿದಾಗಬಾರದು. ಗಾಳಿ ಯಾವಾಗಲೂ ಮೇಲಕ್ಕೆ ಏರುತ್ತದೆ. ಆದ್ದರಿಂದ ನಿಪ್ಪಲ್ ಮೇಲ್ಭಾಗದಲ್ಲಿ ಇರಬೇಕು. ಎಡಗಡೆಯ ಭಾಗವನ್ನು ಬಲಗಡೆಗೆ ಜೋಡಿಸಿದರೆ ನಿಪ್ಪಲ್ ಕೆಳಗಾಗುತ್ತದೆ. ಆಗ ಎಷ್ಟು ಸಲ ತೆಗೆದರೂ ಗಾಳಿ ಹೋಗದು.

ನಿಮಗೀಗ ಅಂಕಿ ಓದಲು ಬರುತ್ತದೆ. ಗಾಡಿಯ ಎಣ್ಣೆ ಡಬ್ಬಿಯ ಮುಚ್ಚಳದ ಮೇಲೆ 3 ಅಥವಾ 4 ಎಂದು ಬರೆದಿರುತ್ತದೆ. ಹೊಸದಾಗಿ ಹಾಕುವ ಎಣ್ಣೆಯ ಸೀಸೆ ಮೇಲೂ ಅದೇ ಅಂಕಿ ಇದೆಯೇ ನೋಡಿ. ಇಂಜಿನ್ ಎಣ್ಣೆ ಹಾಕಿದರೆ ಒಳಗಿನ ರಬ್ಬರು ಊದಿ ಕೆಡುತ್ತದೆ. ಬ್ರೇಕ್ ಎಣ್ಣೆ ಗಾಳಿಯಲ್ಲಿನ ತೇವ ಹೀರುತ್ತದೆ. ತೇವ ಕುಡಿದ ಹಳೆ ಎಣ್ಣೆ ಇಳಿಜಾರಿನಲ್ಲಿ ಕಾದು ಗುಳ್ಳೆ ಏಳುತ್ತದೆ. ಆಗಲೂ ಪೆಡಲು ಮೆತ್ತಗಾಗುತ್ತದೆ.

ನಮ್ಮ ಸುತ್ತ ಘಾಟಿಗಳೇ. ಮಲೆ ಮಹದೇಶ್ವರ ಬೆಟ್ಟದ ದಾರಿಯಲ್ಲಿ ಹಲವು ತಿರುವು. ಊಟಿಯ ಕಲ್ಲಟ್ಟಿ ಘಾಟಿಯಲ್ಲಿ 36 ತಿರುವು. ಊರಿನ ಮಟ್ಟಸ ರಸ್ತೆಯಲ್ಲಿ ಹೇಗೋ ನಿಂತ ಗಾಡಿ ಅಲ್ಲಿ ನಿಲ್ಲದೆ ಹೋಗಬಹುದು. ಬಾಡಿಗೆ ಹಣಕ್ಕಿಂತ ಜೀವ ದೊಡ್ಡದು. "ಪೆಡಲು ಗಟ್ಟಿ ಇದೆಯೇನಪ್ಪ?" ಅಂತ ಕೇಳಲು ನಾಚಿಕೆ ಬೇಡ.

ನೆನಪಿಡಿ

1. ಪೆಡಲು ಮೆತ್ತಗಿದ್ದರೆ ಗಾಡಿ ಹೊರಡಬಾರದು.
2. ಪದೇ ಪದೇ ತುಳಿದು ಗಟ್ಟಿ ಮಾಡಿಕೊಂಡು ಓಡಿಸುವುದು ಪರಿಹಾರವಲ್ಲ.
3. ರಿಪೇರಿ ಆದ ಮೇಲೆ ಖಾಲಿ ಜಾಗದಲ್ಲಿ, ನಿಧಾನವಾಗಿ ಓಡಿಸಿ, ನಿಲ್ಲಿಸಿ ನೋಡಬೇಕು.
4. ಇಳಿಜಾರಿನಲ್ಲಿ ಕಡಿಮೆ ಗೇರಿನಲ್ಲೇ ಇಳಿಯಬೇಕು.