ಕಂಪನಿಯ ಊರಿನಲ್ಲಿ ಪ್ರಜೆಯ ಮಾತು

ಸಂಜೆಯಾಯಿತೆಂದರೆ ದಾವಣಗೆರೆಯ ವಿದ್ಯಾರ್ಥಿನಿಲಯಗಳಲ್ಲಿಯೂ ಹರಿಹರದ ಮನೆಗಳಲ್ಲಿಯೂ ನಮ್ಮ ತರುಣರು ಮೊಬೈಲಿನೊಳಗಿನ ಆಟದ ಲೋಕಗಳಿಗೆ ಪ್ರಯಾಣ ಬೆಳೆಸುವುದು ವಾಚಕರಿಗೆ ವಿದಿತವೇ ಇದೆ. ಅಲ್ಲಿ ಬೀದಿಗಳಿವೆ, ಮನೆಗಳಿವೆ, ದೂರದೂರದ ಜೊತೆಗಾರರೊಡನೆ ಮಾತುಕತೆಯೂ ಇದೆ. ಆದರೆ ಆ ಊರಿಗೆ ಪುರಸಭೆಯಿಲ್ಲ. ಒಡೆಯನಾದ ಕಂಪನಿ ಮಾತ್ರವಿದೆ. ಯಾರ ಮಾತು ಉಳಿಯಬೇಕು, ಯಾರು ಹೊರಬೀಳಬೇಕು ಎಂಬುದನ್ನು ಪ್ರವೇಶಕಾಲದಲ್ಲಿ ನಾವು ಓದದೆಯೇ ಒಪ್ಪಿದ ಕರಾರು ನಿರ್ಣಯಿಸುತ್ತದೆ.

ಇದು ಬರಿಯ ಆಟದ ವಿಷಯವೆಂದು ಹಗುರವಾಗಿ ಕಾಣುವವರಿಗೆ ನಮ್ಮ ಸೀಮೆಯ ಚರಿತ್ರೆಯನ್ನು ನೆನಪಿಗೆ ತರಬಯಸುತ್ತೇವೆ. 1908ರ ಮೈಸೂರು ವೃತ್ತಪತ್ರಿಕಾ ಕಾಯಿದೆಯ ಮೇರೆಗೆ ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆ ಹೊರಡುವಂತಿರಲಿಲ್ಲ. ಆದರೂ ಆ ಸರ್ಕಾರದ ಮುಂದೆ ಅಹವಾಲು ಹೇಳಿಕೊಳ್ಳಲು ಪ್ರಜಾಪ್ರತಿನಿಧಿ ಸಭೆಯೊಂದಿತ್ತು. ದೂರದೇಶದ ಕಂಪನಿಯನ್ನು ಪ್ರಶ್ನಿಸುವ ಸಭೆ ಇಂದು ಎಲ್ಲಿದೆ?

ಕಂಪನಿಯ ಊರೆಂಬುದು ನಮಗೆ ಅಪರಿಚಿತವಲ್ಲ. 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೊಡನೆ ಹರಿಹರದಲ್ಲಿ ಯಂತ್ರಾಪುರವು ಬೆಳೆಯಿತು. ಕಾರ್ಖಾನೆ ಮುಚ್ಚಿದರೂ ಆ ಹೆಸರು ಉಳಿದಿದೆ. ಅಮೆರಿಕದ ಅಲಬಾಮದಲ್ಲಿ, ಹಡಗು ಕಟ್ಟುವ ಕಂಪನಿಯೊಂದರ ಒಡೆತನದಲ್ಲಿದ್ದ ಚಿಕಸಾ ಎಂಬ ಊರಿನಲ್ಲಿ ಮತಪ್ರಚಾರದ ಪತ್ರಗಳನ್ನು ಹಂಚಹೊರಟ ಮಹಿಳೆಗೆ ಶಿಕ್ಷೆಯಾಯಿತು. ಬೀದಿಯು ಸಾರ್ವಜನಿಕರಿಗೆ ತೆರೆದಿರುವಾಗ, ನೆಲವು ಖಾಸಗಿಯೆಂಬ ಮಾತ್ರಕ್ಕೆ ವಾಕ್‌ಸ್ವಾತಂತ್ರ್ಯವನ್ನು ಕಸಿಯಲಾಗದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1946ರಲ್ಲಿ ತೀರ್ಪಿತ್ತಿತು. ಆದರೆ ಆ ತತ್ತ್ವವನ್ನು ಅಂತರ್ಜಾಲದ ಕಂಪನಿಗಳಿಗೆ ಅನ್ವಯಿಸಲು ಅಲ್ಲಿಯ ನ್ಯಾಯಾಲಯಗಳು ಒಪ್ಪಿಲ್ಲ. ನಮ್ಮ ಸರ್ವೋಚ್ಚ ನ್ಯಾಯಾಲಯವಾದರೋ 2023ರ ಜನವರಿಯಲ್ಲಿ, ಕೌಶಲ್ ಕಿಶೋರ್ ಮೊಕದ್ದಮೆಯಲ್ಲಿ, ಸಂವಿಧಾನದ 19ನೆಯ ವಿಧಿಯ ಹಕ್ಕನ್ನು ಸರ್ಕಾರೇತರರ ವಿರುದ್ಧವೂ ಸಾಧಿಸಬಹುದೆಂದು ಬಹುಮತದಿಂದ ಹೇಳಿದೆ. ಬಾಗಿಲು ತೆರೆದಿದೆ, ಆಟದ ಲೋಕದವರೆಗೆ ಹಾದಿಯನ್ನು ಇನ್ನೂ ಸವೆಸಬೇಕಾಗಿದೆ.

ಬೈಗುಳಕ್ಕೆ, ವಂಚನೆಗೆ, ಮಕ್ಕಳನ್ನು ಕೆಡಿಸುವ ದುರುಳರಿಗೆ ಅಂಕುಶ ಬೇಡವೆಂದು ನಾವು ಹೇಳುವುದಿಲ್ಲ. ಅಂಕುಶವನ್ನು ಸರ್ಕಾರದ ಕೈಗೇ ಕೊಟ್ಟುಬಿಡಿರೆಂದೂ ಹೇಳೆವು. 2020ರ ಸೆಪ್ಟೆಂಬರ್ 2ರಂದು ದೇಶದ ಭದ್ರತೆಯ ಕಾರಣವನ್ನು ಹೇಳಿ ಸರ್ಕಾರವು ಪಬ್‌ಜಿಯೂ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತು. ಕಾರಣವು ಯುಕ್ತವೇ ಇರಬಹುದು. ಆದರೆ ಲೋಕವೊಂದಕ್ಕೆ ಬೀಗ ಹಾಕಲು ಒಂದು ಆಜ್ಞೆ ಸಾಕೆಂಬುದು ಅಂದು ಕಂಡುಬಂದಿತು.

ನಾವು ಕೇಳುವುದಿಷ್ಟೇ: ಸದಸ್ಯನನ್ನು ಹೊರಹಾಕುವ ಮುನ್ನ ಕಂಪನಿಯು ಕಾರಣ ತಿಳಿಸಲಿ, ಉತ್ತರ ಹೇಳಲು ಅವಕಾಶವೀಯಲಿ, ಕರಾರನ್ನು ಕನ್ನಡದಲ್ಲಿಯೂ ಪ್ರಕಟಿಸಲಿ, ಅದರ ನಿರ್ಣಯದ ಮೇಲೆ ಸ್ವತಂತ್ರರಾದವರಲ್ಲಿ ಅಪೀಲು ಇರಲಿ. ಪತ್ರಿಕೆಯ ಬಾಯಿಕಟ್ಟಿದುದನ್ನು ಹಿರಿಯರು ಸಹಿಸಲಿಲ್ಲ. ಮಕ್ಕಳ ಬಾಯನ್ನು ಕಟ್ಟುವ ಅಧಿಕಾರಕ್ಕೆ ನಾವು ಓದದೆಯೇ ರುಜು ಹಾಕುವುದು ತರವಲ್ಲ.