ಒರತೆ ನೀರೆಂದು ಮೈಮರೆಯಬೇಡಿ

ಮಳೆ ಹಿಡಿದು ಎರಡು ಮೂರು ವಾರ ಕಳೆಯುವಷ್ಟರಲ್ಲಿ ನನ್ನ ಚಿಕಿತ್ಸಾಲಯಕ್ಕೆ ಬರುವವರ ದೂರುಗಳು ಹೆಚ್ಚುಕಡಿಮೆ ಒಂದೇ ಆಗಿಬಿಡುತ್ತವೆ. ವಾಂತಿಭೇದಿ, ಬಿಡದ ಜ್ವರ, ಊಟ ಸೇರದು, ಮೂತ್ರ ಹಳದಿ. 'ಕುಡಿಯುವ ನೀರು ಎಲ್ಲಿಯದು?' ಎಂದು ಕೇಳಿದರೆ ಸಕಲೇಶಪುರ, ಆಲೂರು ಕಡೆಯವರ ಉತ್ತರವೂ ಒಂದೇ. 'ನಮ್ಮದು ಪೇಟೆ ನೀರಲ್ಲ ಡಾಕ್ಟ್ರೇ, ಗುಡ್ಡದ ಒರತೆ ನೀರು. ಅಜ್ಜನ ಕಾಲದಿಂದ ಕುಡೀತಿದೀವಿ, ಯಾರಿಗೂ ಏನೂ ಆಗಿಲ್ಲ.'

ಕೆಲವು ವರ್ಷಗಳ ಹಿಂದೆ ಏಳು ತಿಂಗಳ ಗರ್ಭಿಣಿಯೊಬ್ಬಳನ್ನು ಹೀಗೆಯೇ ಕರೆತಂದರು. ತಿಂಗಳ ಹಿಂದೆ ಗಂಡನಿಗೆ ಕಾಮಾಲೆ ಬಂದು ನಾಟಿ ಔಷಧಿಯಲ್ಲಿ ವಾಸಿಯಾಗಿತ್ತಂತೆ. ಇವಳಿಗೂ ಅದೇ ಔಷಧಿ ಕೊಟ್ಟು ಐದು ದಿನ ಕಾದಿದ್ದರು. ಬರುವ ಹೊತ್ತಿಗೆ ಆಕೆಗೆ ಮಂಪರು ಕವಿದಿತ್ತು. ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಆ ಮನೆಗೆ ಕರಿ ಪೈಪಿನಲ್ಲಿ ಒರತೆಯ ನೀರು ಇಳಿಯುತ್ತಿತ್ತು. ಒರತೆಯ ಮೇಲ್ಭಾಗದ ದಿಣ್ಣೆಯಲ್ಲಿ ಹೊಸದಾಗಿ ಕಟ್ಟಿದ ಶೌಚಾಲಯದ ಗುಂಡಿ ಇತ್ತು. ಮನೆಯಲ್ಲಿ ಕ್ಯಾಂಡಲ್ ಫಿಲ್ಟರ್ ಕೂಡ ಇತ್ತು. ಅದು ಏಕೆ ಕಾಪಾಡಲಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

ಅಜ್ಜನ ಕಾಲದ ನೀರು ಈಗ ಏಕಲ್ಲ?

ಅಜ್ಜನ ಕಾಲದಲ್ಲೂ ವಾಂತಿಭೇದಿಗೆ ಮಕ್ಕಳು ಸಾಯುತ್ತಿದ್ದರು. ಅದಕ್ಕೆ ನೀರು ಕಾರಣ ಎಂದು ಯಾರೂ ಲೆಕ್ಕ ಇಡಲಿಲ್ಲ, ಅಷ್ಟೆ. ಅಲ್ಲದೆ ಆಗ ಗುಡ್ಡದ ಮೇಲೆ ಮನೆಗಳು ಕಡಿಮೆ. ಈಗ ತೋಟದ ಲೈನ್ ಮನೆಗಳು, ಹೋಂಸ್ಟೇಗಳು, ಪ್ರತಿ ಮನೆಗೊಂದು ಶೌಚಾಲಯದ ಗುಂಡಿ ಬಂದಿವೆ. ಶೌಚಾಲಯ ಬೇಕೇ ಬೇಕು. ಆದರೆ ಅದು ನೀರಿನ ಸೆಲೆಗಿಂತ ಮೇಲೆ ಇರಬಾರದು. ನಮ್ಮ ಮಲೆನಾಡಿನಲ್ಲಿ ಮೇಲೆ ಇಂಗಿದ್ದೆಲ್ಲ ಕೆಳಗೆ ಒಸರುತ್ತದೆ. ಗುಂಡಿ ಮತ್ತು ಬಾವಿಯ ನಡುವೆ ಕನಿಷ್ಠ 15 ಮೀಟರ್, ಅಂದರೆ 50 ಅಡಿ ಅಂತರ ಇರಬೇಕು, ಬಾವಿ ಮೇಲ್ಭಾಗದಲ್ಲಿರಬೇಕು.

ನೀರು ತಿಳಿಯಾಗಿದ್ದರೆ ಶುದ್ಧ ಎಂಬ ನಂಬಿಕೆಯನ್ನೂ ಬಿಡಬೇಕು. ಟೈಫಾಯಿಡ್, ಕಾಲರಾ, ಆಮಶಂಕೆ, ಕಾಮಾಲೆಯ ರೋಗಾಣುಗಳು ಕಣ್ಣಿಗೆ ಕಾಣವು. ಅವುಗಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಅನೇಕರು ಆಸ್ಪತ್ರೆ ಸೇರಿದರು, ಹಲವರು ಪ್ರಾಣ ಕಳೆದುಕೊಂಡರು. ಅವರು ಕುಡಿದದ್ದು ನಲ್ಲಿಯ ನೀರನ್ನೇ.

ಮೊದಲು ಸೋಸಿ, ತಿಳಿಯಾಗಿಸಿ

ಮಳೆಗಾಲದ ಕೆಂಪು ನೀರನ್ನು ಮೊದಲು ಕೊಡದಲ್ಲಿ ಕೆಲವು ಗಂಟೆ ನಿಲ್ಲಿಸಿ. ಮಣ್ಣು ತಳಕ್ಕಿಳಿದ ಮೇಲೆ ತಿಳಿ ನೀರನ್ನು ಬಗ್ಗಿಸಿ, ಒಗೆದು ಒಣಗಿಸಿದ ಹತ್ತಿ ಬಟ್ಟೆಯಲ್ಲಿ ಸೋಸಿ. ಬಟ್ಟೆಯನ್ನು ಒಂದೇ ಪದರವಾಗಿ ಹಿಡಿದರೆ ಸಾಲದು, ನಾಲ್ಕು ಸಲ ಮಡಿಸಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹೀಗೆ ಮಡಿಸಿ ನೀರು ಸೋಸಿದ್ದರಿಂದ ಕಾಲರಾ ಅರ್ಧದಷ್ಟು ಇಳಿಯಿತೆಂದು 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕಾಲರಾ ರೋಗಾಣುಗಳು ನೀರಿನಲ್ಲಿರುವ ಸಣ್ಣ ಜೀವಿಗಳಿಗೆ ಅಂಟಿಕೊಂಡಿರುವುದರಿಂದ ಬಟ್ಟೆಗೆ ಸಿಕ್ಕಿಬೀಳುತ್ತವೆ. ಆದರೆ ಟೈಫಾಯಿಡ್, ಕಾಮಾಲೆಯ ರೋಗಾಣುಗಳು ಬಟ್ಟೆಯೊಳಗಿಂದ ಸಲೀಸಾಗಿ ದಾಟುತ್ತವೆ. ಆದ್ದರಿಂದ ಸೋಸುವುದು ಮೊದಲ ಹೆಜ್ಜೆ ಮಾತ್ರ.

ಕುದಿಸುವುದೇ ಮೇಲು

ಎಲ್ಲ ಬಗೆಯ ರೋಗಾಣುಗಳನ್ನೂ ಕೊಲ್ಲುವ, ಯಾವ ಯಂತ್ರವೂ ಬೇಕಿಲ್ಲದ ವಿಧಾನವೆಂದರೆ ಕುದಿಸುವುದು. ಇಪ್ಪತ್ತು ನಿಮಿಷ ಕುದಿಸಬೇಕೆಂದು ಕೆಲವರು ಹೆದರಿ, ಸೌದೆ ಗ್ಯಾಸಿನ ಖರ್ಚು ನೆನೆದು, ಕುದಿಸುವುದನ್ನೇ ಬಿಡುತ್ತಾರೆ. ಅಷ್ಟು ಹೊತ್ತು ಬೇಕಿಲ್ಲ. ನೀರು ತಳದಿಂದ ಕೊತಕೊತ ಎಂದು ಮರಳಿದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿದರೆ ಸಾಕು. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 100 ಡಿಗ್ರಿಗೆ ಬದಲು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ರೋಗಾಣು ಸಾಯಲು ಅದು ಧಾರಾಳವಾಯಿತು.

ಇಲ್ಲಿ ಸಾಮಾನ್ಯವಾಗಿ ಮೂರು ತಪ್ಪುಗಳಾಗುತ್ತವೆ. ಒಂದು, ಬಚ್ಚಲ ಹಂಡೆಯಲ್ಲಿ ಕೈಸುಡುವಷ್ಟು ಕಾದ ನೀರನ್ನೇ ಕುದಿಸಿದ ನೀರೆಂದು ತಿಳಿಯುವುದು. ಎರಡು, ಕುದಿಸಿದ ನೀರು ಬಿಸಿಯೆಂದು ಅದಕ್ಕೆ ಒಂದು ಚೊಂಬು ತಣ್ಣೀರು ಬೆರೆಸಿ ಹದಮಾಡುವುದು. ಇದು ಮದುವೆ ಮನೆಗಳಲ್ಲಿ ನಿತ್ಯ ನಡೆಯುವ ಸಂಗತಿ. ಆ ಒಂದು ಚೊಂಬಿನಿಂದ ಕುದಿಸಿದ್ದೆಲ್ಲ ವ್ಯರ್ಥ. ಮೂರು, ಕುದಿಸಿದ ನೀರನ್ನು ತೊಳೆಯದ ಬೇರೆ ಕೊಡಕ್ಕೆ ಸುರಿಯುವುದು. ರಾತ್ರಿ ಅಡಿಗೆ ಮುಗಿದ ಮೇಲೆ ಕುದಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿಟ್ಟರೆ ಬೆಳಿಗ್ಗೆಗೆ ತಾನೇ ಆರಿರುತ್ತದೆ.

ಕ್ಲೋರಿನ್ ಮಾತ್ರೆ, ಬ್ಲೀಚಿಂಗ್ ಪುಡಿ

ಕುದಿಸಲು ಅನುಕೂಲವಿಲ್ಲದಾಗ ಕ್ಲೋರಿನ್ ಮಾತ್ರೆ ಬಳಸಬಹುದು. ಸಾಮಾನ್ಯವಾಗಿ ಸಿಗುವ ಅರ್ಧ ಗ್ರಾಂ ಮಾತ್ರೆ 20 ಲೀಟರ್ ನೀರಿಗೆ ಸಾಕು. ಮಾತ್ರೆಗಳ ಶಕ್ತಿ ಬೇರೆ ಬೇರೆ ಇರುವುದರಿಂದ ಚೀಟಿ ಓದಿಕೊಳ್ಳಿ. ಹಾಕಿದ ಮೇಲೆ ಅರ್ಧ ಗಂಟೆ ಕಾಯಬೇಕು. ವಾಸನೆ ಬರುತ್ತದೆಂದು ಬೇಸರಿಸಬೇಡಿ, ಆ ಅಲ್ಪ ವಾಸನೆಯೇ ಔಷಧಿ ಇನ್ನೂ ಉಳಿದಿದೆ ಎಂಬುದಕ್ಕೆ ಗುರುತು. ಕದಡಿದ ನೀರಿಗೆ ಮಾತ್ರ ಹಾಕಬೇಡಿ, ಕ್ಲೋರಿನ್ ಕೊಳೆಯಲ್ಲೇ ಮುಗಿದುಹೋಗುತ್ತದೆ.

ಇದಕ್ಕೆ ದೆಹಲಿಯ ಒಂದು ಪಾಠವಿದೆ. 1955ರ ಕೊನೆಯಲ್ಲಿ ಯಮುನೆಗೆ ಚರಂಡಿ ನೀರು ಸೇರಿ ನಗರದ ಕುಡಿಯುವ ನೀರು ಕೆಟ್ಟಿತು. ಹೆಚ್ಚು ಕ್ಲೋರಿನ್ ಹಾಕಿದ್ದರಿಂದ ಟೈಫಾಯಿಡ್ ಹೆಚ್ಚಲಿಲ್ಲ. ಆದರೆ ಸುಮಾರು 29 ಸಾವಿರ ಜನರಿಗೆ ಕಾಮಾಲೆ ಬಂತು. ಅದು ಹೆಪಟೈಟಿಸ್ ಇ ಎಂಬ ವೈರಸ್‌ನ ಕೆಲಸವೆಂದು ಎಷ್ಟೋ ವರ್ಷಗಳ ನಂತರ ತಿಳಿಯಿತು. ಬೇರೆಯವರಲ್ಲಿ ತಾನಾಗಿ ವಾಸಿಯಾಗುವ ಈ ಕಾಮಾಲೆ ತುಂಬು ಗರ್ಭಿಣಿಯರಲ್ಲಿ ಐವರಲ್ಲಿ ಒಬ್ಬರನ್ನು ಬಲಿ ತೆಗೆದುಕೊಳ್ಳಬಲ್ಲದು. ಆದ್ದರಿಂದ ಗರ್ಭಿಣಿ ಇರುವ ಮನೆಯಲ್ಲಿ ಕುದಿಸಿದ ನೀರೇ ಆಗಬೇಕು.

ಬಾವಿಗೆ ಔಷಧಿ ಹಾಕುವವರಿಗೆ ಒಂದು ಲೆಕ್ಕ. ಒಳ್ಳೆಯ ಬ್ಲೀಚಿಂಗ್ ಪುಡಿ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಬೇಕು. ಎರಡು ಮೀಟರ್ ಅಗಲದ ದುಂಡು ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಅದು ಸುಮಾರು 9,400 ಲೀಟರ್, ಪುಡಿ ಸುಮಾರು 24 ಗ್ರಾಂ. ನೀರು ಮಲಿನವಾಗಿದ್ದರೆ ಹೆಚ್ಚು ಬೇಕಾದೀತು, ಆರೋಗ್ಯ ಸಿಬ್ಬಂದಿಯಿಂದ ಪರೀಕ್ಷೆ ಮಾಡಿಸಿ. ಪುಡಿಯನ್ನು ನೇರವಾಗಿ ಎರಚಬೇಡಿ. ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ತುಂಬಿ ಹತ್ತು ನಿಮಿಷ ಬಿಡಿ. ಸುಣ್ಣ ತಳದಲ್ಲಿ ನಿಂತ ಮೇಲೆ ತಿಳಿಯನ್ನಷ್ಟೇ ಬೇರೆ ಬಕೆಟ್ಟಿಗೆ ಬಗ್ಗಿಸಿ, ಬಾವಿಗಿಳಿಸಿ ಮೇಲೆ ಕೆಳಗೆ ಆಡಿಸಿ. ಒಂದು ಗಂಟೆ ನೀರು ಸೇದಬಾರದು. ರಾತ್ರಿ ಹಾಕುವುದು ಒಳ್ಳೆಯದು. ತೆರೆದಿಟ್ಟು ತೇವ ಹಿಡಿದ ಪುಡಿಗೆ ಶಕ್ತಿ ಇರುವುದಿಲ್ಲ. ನಮ್ಮ ಕಡೆಯ ಮಳೆಗಾಲದಲ್ಲಿ ಇದನ್ನು ಮುಖ್ಯವಾಗಿ ನೆನಪಿಡಬೇಕು.

ಫಿಲ್ಟರುಗಳ ಮಾತು

ಕ್ಯಾಂಡಲ್ ಫಿಲ್ಟರ್ ಮಣ್ಣನ್ನೂ ಬಹುಪಾಲು ದೊಡ್ಡ ರೋಗಾಣುಗಳನ್ನೂ ತಡೆಯುತ್ತದೆ. ಕಾಮಾಲೆಯ ವೈರಸ್ ಅತಿ ಸೂಕ್ಷ್ಮ, ಅದು ಕ್ಯಾಂಡಲ್‌ನ ರಂಧ್ರಗಳಲ್ಲಿ ನುಸುಳುತ್ತದೆ. ಮೇಲೆ ಹೇಳಿದ ಮನೆಯಲ್ಲಿ ಆದದ್ದು ಇದೇ ಇರಬೇಕು. ಫಿಲ್ಟರಿನ ನೀರನ್ನೂ ಕುದಿಸಿ. ಕ್ಯಾಂಡಲನ್ನು ವಾರಕ್ಕೊಮ್ಮೆ ಬ್ರಷ್‌ನಿಂದ ಉಜ್ಜಿ ತೊಳೆದು ನೀರಿನಲ್ಲಿ ಕುದಿಸಿ. ಬಿರುಕು ಬಿಟ್ಟರೆ ಎಸೆಯಿರಿ.

ಅತಿನೇರಳೆ ಕಿರಣದ ಯಂತ್ರ ತಿಳಿ ನೀರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಕರೆಂಟ್ ಬೇಕು. ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ನಮ್ಮ ಊರುಗಳಲ್ಲಿ ಅದೊಂದನ್ನೇ ನಂಬಿ ಕೂರಲಾಗದು. ಇನ್ನು ಆರ್‌ಓ ಯಂತ್ರ ಲವಣ ಹೆಚ್ಚಿರುವ ಗಡಸು ನೀರಿಗಾಗಿ ಇರುವುದು. ಮಲೆನಾಡಿನ ಒರತೆ, ಹಳ್ಳದ ನೀರು ಸಾಮಾನ್ಯವಾಗಿ ಮೃದು, ಲವಣ ಕಡಿಮೆ. ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಆರ್‌ಓ ಅಗತ್ಯವಿಲ್ಲ. ಹಣವೂ ನೀರೂ ದಂಡ. ಬೋರ್‌ವೆಲ್ ನೀರಾದರೆ ಪರೀಕ್ಷೆ ಮಾಡಿಸಿ ನಿರ್ಧರಿಸಿ.

ಶುದ್ಧವಾದ ನೀರು ಕೆಡದಿರಲಿ

ಪಾತ್ರೆಗೆ ಮುಚ್ಚಳ ಇರಲಿ. ಚೊಂಬು, ಕೈ ಅದ್ದಬೇಡಿ; ಉದ್ದ ಹಿಡಿಯ ಸೌಟು ಅಥವಾ ನಲ್ಲಿ ಇರುವ ಪಾತ್ರೆ ಬಳಸಿ. ದಿನವೂ ಪಾತ್ರೆ ತೊಳೆಯಿರಿ. ಶೌಚದ ನಂತರ, ಅಡಿಗೆಗೆ ಮೊದಲು ಸೋಪಿನಿಂದ ಕೈ ತೊಳೆಯಿರಿ. ತೋಟಕ್ಕೆ ಹೋಗುವವರು, ಶಾಲೆಗೆ ಹೋಗುವ ಮಕ್ಕಳು ಮನೆಯ ನೀರನ್ನೇ ಒಯ್ಯಲಿ. ಮನೆಯಲ್ಲಿ ಕುದಿಸಿದ ನೀರು ಕುಡಿದು ತೋಟದ ಹಳ್ಳದಲ್ಲಿ ಬೊಗಸೆಯೊಡ್ಡಿದರೆ ಫಲವೇನು?

ಇಷ್ಟಾಗಿಯೂ ಭೇದಿ ಆರಂಭವಾದರೆ ಓಆರ್‌ಎಸ್ ಪೊಟ್ಟಣ ಕದಡಿ ಕುಡಿಸಿ. ಅದಿಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಗುಟುಕು ಗುಟುಕಾಗಿ ಕೊಡಿ. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಕರೆದೊಯ್ಯಿರಿ. ಗರ್ಭಿಣಿಯ ಕಣ್ಣು ಹಳದಿಯಾದರೆ ಒಂದು ದಿನವನ್ನೂ ನಾಟಿ ಔಷಧಿಯಲ್ಲಿ ಕಳೆಯಬೇಡಿ. ಮೇಲೆ ಹೇಳಿದ ಮನೆಯಲ್ಲಿ ಕಳೆದುಹೋದ ಐದು ದಿನಗಳು ನನಗೆ ಪ್ರತಿ ಮಳೆಗಾಲ ನೆನಪಾಗುತ್ತವೆ.

ಆ ತಾಯಿಗೆ ಮುಂದೆ ಹೆಣ್ಣು ಮಗುವಾಯಿತು. ಲಸಿಕೆಗೆಂದು ಮಗುವನ್ನು ಕರೆತಂದಾಗ ಅವಳ ಚೀಲದಲ್ಲಿ ನೀರಿನ ಬಾಟಲಿ ಇತ್ತು. ನಾನು ಕೇಳುವ ಮೊದಲೇ ಹೇಳಿದಳು, 'ಕುದಿಸಿದ್ದೇ ಡಾಕ್ಟ್ರೇ.' ಇವತ್ತು ರಾತ್ರಿಯಿಂದಲೇ ನಿಮ್ಮ ಮನೆಯ ಒಲೆಯ ಮೇಲೂ ಒಂದು ಪಾತ್ರೆ ನೀರು ಮರಳಲಿ.